ಫೈಲ್ ಇದೆ, ಹುಡುಕಿದರೆ ಸಿಗುವುದಿಲ್ಲ

ದಾವಣಗೆರೆಯ ಒಂದು ಕಾಲೇಜು ಗ್ರಂಥಾಲಯದಲ್ಲಿ ಡಿಜಿಟಲ್ ವಿಭಾಗದ ಕೆಲಸ ನನ್ನದು. ಹಳೆಯ ಕನ್ನಡ ಸಂಶೋಧನಾ ಪ್ರಬಂಧಗಳನ್ನು ಕಂಪ್ಯೂಟರಿಗೆ ಏರಿಸಿ, ಜೋಪಾನವಾಗಿಟ್ಟು, ಕೇಳಿದವರಿಗೆ ತೆಗೆದುಕೊಡಬೇಕು. ಈ ಕೆಲಸದಲ್ಲಿ ನನಗೆ ಹೆಚ್ಚು ಪಾಠ ಕಲಿಸಿದ್ದು ಫಾಂಟು.

ಜಗಳೂರು ಕಡೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಇಲ್ಲಿನ ಹತ್ತಿ ಗಿರಣಿಗಳ ಬಗ್ಗೆ ಓದುತ್ತಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಲ್ವಾ, ನಮ್ಮಲ್ಲಿ ಆ ವಿಷಯದ ಹಳೆಯ ಪ್ರಬಂಧ ಇತ್ತು. ಆದರೆ ‘ಗಿರಣಿ’ ಎಂದು ಟೈಪ್ ಮಾಡಿದರೆ ಏನೂ ಬರಲಿಲ್ಲ. “ಸರ್, ಪಿಡಿಎಫ್ ತೆಗೆದ್ರೆ ಕಣ್ಣೆದುರಿಗೇ ಇದೆ. ಹುಡುಕಿದ್ರೆ ಇಲ್ಲ ಅಂತಿದೆ” ಎಂದರು. ಆ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ತೋರಿಸಿದೆ. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಬರೀ ತಲೆ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪ ಕೂರಿಸಿಕೊಂಡಿದ್ದವು. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಅಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಸಂಖ್ಯೆ ಕೊಡುವ ವ್ಯವಸ್ಥೆಗೆ ಯುನಿಕೋಡ್ ಅಂತಾರೆ. 1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಆಫೀಸು, ಡಿಟಿಪಿ ಅಂಗಡಿಗಳಲ್ಲಿ ಬಹಳ ವರ್ಷ ಹಳೆಯ ಫಾಂಟೇ ಓಡಿತು. ಪ್ರಬಂಧಗಳು ಟೈಪ್ ಆಗಿದ್ದೂ ಅಲ್ಲೇ.

“ಪಿಡಿಎಫ್/ಎ ಮಾಡಿಟ್ಟಿದ್ದೀವಿ, ಸಾಕಲ್ವಾ?” ಎಂದು ಕೇಳುವವರಿದ್ದಾರೆ. ಸಾಲದು. ಬಹುಕಾಲ ಕಾದಿಡಲೆಂದೇ ಮಾಡಿದ ಪಿಡಿಎಫ್ ಬಗೆ ಅದು. ಅದರಲ್ಲಿ ಫಾಂಟ್ ಫೈಲಿನೊಳಗೇ ಸೇರಿರುತ್ತದೆ, ಹಾಗಾಗಿ ಎಷ್ಟು ವರ್ಷ ಕಳೆದರೂ ಪುಟ ಸರಿಯಾಗಿ ಕಾಣುತ್ತದೆ. ಒಳಗಿನ ಅಕ್ಷರ ಮಾತ್ರ ಇದ್ದ ಹಾಗೇ ಇರುತ್ತದೆ.

ವರ್ಡ್ ಫೈಲ್ ಸಿಕ್ಕರೆ ಯುನಿಕೋಡ್‌ಗೆ ಬದಲಾಯಿಸಲು ಕನ್ವರ್ಟರ್‌ಗಳಿವೆ. ಸುಮ್ನೆ ಬಟನ್ ಒತ್ತಿ ಎದ್ದು ಹೋಗುವಂತಿಲ್ಲ. ನಡುವೆ ಬರುವ ಇಂಗ್ಲಿಷ್ ಹೆಸರುಗಳೂ ಕನ್ನಡವಾಗಿ ಕಲಸುಮೇಲೋಗರ ಆಗುತ್ತವೆ. ಅರ್ಕಾವೊತ್ತು ಜಾಗ ತಪ್ಪುತ್ತದೆ. ಅಡಿಟಿಪ್ಪಣಿ, ಗ್ರಂಥಸೂಚಿಯ ಪುಟಗಳನ್ನು ಕಣ್ಣಿಟ್ಟು ಓದಲೇಬೇಕು. ಮೂಲ ಫೈಲನ್ನು ಯಾವ ಕಾರಣಕ್ಕೂ ಅಳಿಸಬಾರದು. ಸ್ಕ್ಯಾನ್ ಮಾಡಿದ ಪ್ರಬಂಧಕ್ಕೆ ಟೆಸೆರಾಕ್ಟ್‌ನಂಥ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ) ಬಳಸಬಹುದು, ಆದರೆ ಒತ್ತಕ್ಷರಗಳಲ್ಲಿ ತಪ್ಪು ಜಾಸ್ತಿ.

ಇಡೀ ಪ್ರಬಂಧ ಬದಲಾಯಿಸಲು ಪುರುಸೊತ್ತು ಇಲ್ಲವೇ? ಶೀರ್ಷಿಕೆ, ಲೇಖಕರು, ಮಾರ್ಗದರ್ಶಕರು, ವರ್ಷ, ಅಧ್ಯಾಯಗಳ ಹೆಸರು, ಇಷ್ಟನ್ನಾದರೂ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಅಧ್ಯಾಯದ ಹೆಸರು ಬಿಡಬೇಡಿ. ವಿದ್ಯಾರ್ಥಿಗಳು ಹುಡುಕುವ ಪದ ಹೆಚ್ಚಾಗಿ ಅಲ್ಲೇ ಇರುತ್ತದೆ.

ಸಿಡಿಗಳಲ್ಲಿರುವ ಪ್ರಬಂಧಗಳನ್ನು ಬೇಗ ಬೇರೆಡೆಗೆ ಕಾಪಿ ಮಾಡಿಕೊಳ್ಳಿ, ಹೊಸ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಸಿಡಿ ಡ್ರೈವೇ ಇರುವುದಿಲ್ಲ. ಪ್ರತಿ ಫೈಲಿಗೂ ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿರಲಿ.

ಎಷ್ಟು ಜಿಬಿ ಸೇರಿಸಿದೆವು ಎಂಬ ಲೆಕ್ಕದಿಂದ ಸೇವೆ ಹೇಗಿದೆ ಅನ್ನುವುದು ತಿಳಿಯುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳ ಪೈಕಿ ನಾಲ್ಕನೆಯದರಲ್ಲಿ ಹೇಳಿದ್ದರು. ಅದಕ್ಕೇ ಕೌಂಟರಿನಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ಯಾವ ಪದ ಹುಡುಕಿದರು, ಸಿಕ್ಕಿತೋ ಇಲ್ಲವೋ, ಅಷ್ಟೇ ಬರೆಯುವುದು. ಸಿಗದ ಪದಗಳ ಪ್ರಬಂಧಗಳನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇವೆ. ಗಿರಣಿಯದು ಮುಗಿದಿದೆ. ಈಗ ರಿಜಿಸ್ಟರಿನಲ್ಲಿ ಪದೇ ಪದೇ ಕಾಣುತ್ತಿರುವ ಹೆಸರು ಚನ್ನಗಿರಿ ಕಡೆಯ ದೊಡ್ಡ ಕೆರೆ ಸೂಳೆಕೆರೆಯದು, ಮುಂದಿನ ಸರದಿ ಅದರದು.