ವಾಕ್ಯದ ಬಾಲ ಕೇಳಿಸಬೇಕು

ಶಾಲಾ ವಾರ್ಷಿಕೋತ್ಸವದ ವೇದಿಕೆ. ಮೈಕಿನ ಮುಂದೆ ನಿಂತವರು ಹೇಳುತ್ತಾರೆ: "ಸಭಾ ಕಾರ್ಯಕ್ರಮ ಮುಗಿದ ಕೂಡಲೇ ಎಲ್ಲರಿಗೂ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಊಟದ ವ್ಯವಸ್ಥೆ..." ಅಲ್ಲಿಗೆ ಸ್ವರ ಕುಸಿಯುತ್ತದೆ. ಉಳಿದದ್ದು ಗಂಟಲೊಳಗಿನ ಗೊರಗೊರ. ಹಿಂದಿನ ಸಾಲಿನ ಅಜ್ಜಿ ಪಕ್ಕದವರನ್ನು ಕೇಳುತ್ತಾರೆ, "ಎಂತ ಹೇಳಿದ್ದು ಅವರು? ಊಟ ಉಂಟಂತಾ, ಇಲ್ವಂತಾ?"

ಅಜ್ಜಿಯ ಕಿವಿಯಲ್ಲಿ ದೋಷ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ. "ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನೀರು ಬರು" ಎನ್ನುವವರೆಗೆ ಏನೂ ಗೊತ್ತಾಗುವುದಿಲ್ಲ. "ತ್ತದೆ"ಯೋ "ವುದಿಲ್ಲ"ವೋ ಎಂಬುದರ ಮೇಲೆ ಕೊಡಪಾನ ತುಂಬಿಸಿಡಬೇಕೋ ಬೇಡವೋ ಎಂಬುದು ನಿಂತಿದೆ. ಇಂಗ್ಲಿಷಿನಲ್ಲಿ ಈ "ಇಲ್ಲ" ವಾಕ್ಯದ ನಡುವೆಯೇ ಬಂದು ಹೋಗುತ್ತದೆ, ಬಾಲ ಸ್ವಲ್ಪ ನುಂಗಿಹೋದರೂ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಮಾತಾಡುವವರು ಸ್ವರದ ಬಗ್ಗೆ ಒಂದೇ ಒಂದು ವಿಷಯ ಸರಿಪಡಿಸಿಕೊಳ್ಳುವುದಿದ್ದರೆ ಅದು ವಾಕ್ಯದ ಕೊನೆ. ಗಡಸು ಕಂಠ, ರೇಡಿಯೋ ಕಂಠ ಎಲ್ಲ ಆಮೇಲಿನ ಮಾತು.

ಬಾಲ ಯಾಕೆ ಸಾಯುತ್ತದೆ? ಉಸಿರು ಎಳೆದುಕೊಂಡಾಗ ಶ್ವಾಸಕೋಶ ಬಲೂನಿನ ಹಾಗೆ ಹಿಗ್ಗಿರುತ್ತದೆ. ಅದು ತಾನಾಗಿ ಕುಗ್ಗುವ ಬಲದಿಂದಲೇ ಗಾಳಿ ಹೊರಬರುತ್ತದೆ, ಮಾತಿನ ಮೊದಲರ್ಧ ಆ ಬಲದಲ್ಲೇ ಸಲೀಸಾಗಿ ಸಾಗುತ್ತದೆ. ಸುಮ್ಮನೆ ಉಸಿರು ಬಿಟ್ಟಾಗ ಶ್ವಾಸಕೋಶ ಎಲ್ಲಿಗೆ ಬಂದು ನಿಲ್ಲುತ್ತದೋ, ಅದಕ್ಕಿಂತಲೂ ಕೆಳಗೆ ಹೋದ ಮೇಲೆ ಮಾತ್ರ ಕಷ್ಟ. ಅಲ್ಲಿಂದ ಮುಂದೆ ಹೊಟ್ಟೆ, ಪಕ್ಕೆಲುಬಿನ ಸ್ನಾಯುಗಳು ಹಿಂಡಿಯೇ ಗಾಳಿ ತೆಗೆಯಬೇಕು. ಜೊತೆಗೆ ಗಂಟಲೂ ಬಿಗಿಯುತ್ತದೆ. ಧ್ವನಿತಂತುಗಳ ಕೆಳಗಿನ ಒತ್ತಡ ಇಳಿದು, ಅವು ಸರಿಯಾಗಿ ಕಂಪಿಸದೆ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತವೆ. "...ಇರುತ್ತದೆ" ಎಂಬ ಪದ ಬೀಳುವುದು ಸರಿಯಾಗಿ ಈ ಜಾಗದಲ್ಲಿ.

ಇದಕ್ಕೆ ಉದ್ದಕ್ಕೆ ಉಸಿರು ಕಟ್ಟುವ ಸಾಹಸ ಬೇಡ. ಗಾಳಿಯನ್ನು ಕೆಳಗೆ ತುಂಬಿಸಿ, ನಿಧಾನವಾಗಿ ಬಿಡುವುದು ಅಭ್ಯಾಸವಾದರೆ ಸಾಕು. ಚಾಪೆಯ ಮೇಲೆ ಅಂಗಾತ ಮಲಗಿ ಹೊಕ್ಕುಳಿನ ಮೇಲೆ ಒಂದು ದಪ್ಪ ಪುಸ್ತಕ ಇಟ್ಟುಕೊಳ್ಳಿ. ಉಸಿರು ಎಳೆದಾಗ ಪುಸ್ತಕ ಮೇಲೇಳಬೇಕು, ಎದೆ ಹೆಚ್ಚು ಅಲುಗಬಾರದು. ಐದು ನಿಮಿಷ. ನಾಲ್ಕೈದು ದಿನದಲ್ಲಿ ಇದು ಹಿಡಿತಕ್ಕೆ ಸಿಗುತ್ತದೆ, ಆಮೇಲೆ ಕೂತು, ನಿಂತು ಮಾಡಿ. ಹೆಚ್ಚಿನವರು ಎಡವುವುದು ನಿಂತಾಗ: ದೊಡ್ಡ ಉಸಿರು ಅಂದ ಕೂಡಲೇ ಭುಜ ಕಿವಿಯ ಹತ್ತಿರ ಏರುತ್ತದೆ. ಭುಜ ಏರಿದರೆ ಕುತ್ತಿಗೆ ಬಿಗಿಯಿತು ಎಂದೇ ಅರ್ಥ. ಸೀರೆಯೋ ಬೆಲ್ಟೋ ಸೊಂಟದಲ್ಲಿ ತೀರಾ ಬಿಗಿಯಾಗಿದ್ದರೂ ಹೊಟ್ಟೆ ಹಿಗ್ಗಲು ಜಾಗ ಇರುವುದಿಲ್ಲ, ನಿರೂಪಣೆಯ ದಿನ ಅದನ್ನು ಒಂದು ಬೆರಳಷ್ಟು ಸಡಿಲಿಸಿ.

ಮುಂದಿನದು "ಸ್‌ಸ್‌ಸ್" ಎಂದು ಹಾವಿನ ಹಾಗೆ ಗಾಳಿ ಬಿಡುವುದು. ಗಡಿಯಾರ ನೋಡಿಕೊಂಡು, ಮೊದಲು 15 ಸೆಕೆಂಡು, ಕ್ರಮೇಣ 20, 25. ಎಷ್ಟು ಹೊತ್ತು ಎಂಬುದಕ್ಕಿಂತ ಸದ್ದು ಮೊದಲಿಂದ ಕೊನೆಯವರೆಗೆ ಸಮ ಇದೆಯೇ ಎಂಬುದೇ ಮುಖ್ಯ. ಆಮೇಲೆ ಅದೇ ಜಾಗದಲ್ಲಿ ಸ್ವರ ಸೇರಿಸಿ, ದುಂಬಿಯ ಹಾಗೆ "ಜ಼್‌ಜ಼್‌ಜ಼್" ಎನ್ನಿ. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ ಬರಬೇಕು. ಹಾವು 20 ಸೆಕೆಂಡು, ದುಂಬಿ 14ಕ್ಕಿಂತ ಕಡಿಮೆ ಎಂದು ಮತ್ತೆ ಮತ್ತೆ ಆಗುತ್ತಿದ್ದರೆ ಗಾಳಿಯಲ್ಲಿ ಕೊರತೆ ಇಲ್ಲ, ತಂತುಗಳು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲದಿರಬಹುದು. ಅಂಥವರು ಅಭ್ಯಾಸ ಮುಂದುವರಿಸುವ ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಕರಾವಳಿಯವರಿಗೆ ಉಸಿರಿನ ಪಾಠಕ್ಕೆ ಬೇರೆ ಪಠ್ಯವೇ ಬೇಡ. ಉಡುಪಿಯಿಂದ ಮಂಗಳೂರಿಗೆ ಹೊರಟ ಬಸ್ಸಿನ ದಾರಿ ಹಿಡಿಯಿರಿ: ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮುಲ್ಕಿ, ಹಳೆಯಂಗಡಿ, ಮುಕ್ಕ, ಸುರತ್ಕಲ್. ಒಂದೇ ಉಸಿರಿನಲ್ಲಿ, ಓಡದೆ, ಪ್ರತಿಯೊಂದನ್ನೂ ಬಿಡಿಸಿ ಹೇಳಬೇಕು. ಕಟಪಾಡಿ ಎಷ್ಟು ಗಟ್ಟಿಯೋ ಸುರತ್ಕಲ್ಲೂ ಅಷ್ಟೇ ಗಟ್ಟಿ ಇರಬೇಕು, ಅದರಲ್ಲೂ ಕೊನೆಯ "ಲ್" ನಾಲಿಗೆ ಹಲ್ಲಿನ ಹಿಂದೆ ತಾಗಿ ಮುಗಿಯಬೇಕು. ಮೊದಲ ದಿನ ಹಳೆಯಂಗಡಿಯಲ್ಲೇ ಗಾಳಿ ಮುಗಿದರೆ ಹೆದರಬೇಡಿ. ಹೆಚ್ಚಾಗಿ ಅದಕ್ಕೆ ಕಾರಣ ಕಡಿಮೆ ಗಾಳಿ ಅಲ್ಲ, ಕಟಪಾಡಿಯ ಮೇಲೆ ಅರ್ಧ ಗಾಳಿ ಸುರಿದದ್ದು. ಒಂದು ಉಸಿರಿಗೆ ಸಲೀಸಾದ ಮೇಲೆ ಕೊನೆಗೆ ಕ್ರಿಯಾಪದ ಕಟ್ಟಿ: "...ಮುಕ್ಕ, ಸುರತ್ಕಲ್‌ನಲ್ಲಿ ನಿಲ್ಲುವುದಿಲ್ಲ."

ಗಂಟಲು ಬಿಗಿಯುವವರಿಗೆ ಬೊಂಡದ (ಎಳನೀರಿನ) ಅಂಗಡಿಯ ಸ್ಟ್ರಾ ಒಳ್ಳೆಯ ಮದ್ದು. ಗ್ಲಾಸಿನಲ್ಲಿ ಅರ್ಧ ನೀರು, ಸ್ಟ್ರಾದ ತುದಿ ನೀರಿನೊಳಗೆ ಎರಡು ಬೆರಳಷ್ಟು, ಅಂದರೆ ಮೂರು-ನಾಲ್ಕು ಸೆಂಟಿಮೀಟರ್. ತುಟಿ ಗಾಳಿ ಸೋರದ ಹಾಗೆ ಮುಚ್ಚಿ "ಊ..." ಎಂದು ಸ್ವರ ಬಿಡುತ್ತಾ ಗುಳ್ಳೆ ಎಬ್ಬಿಸಿ. ಐದು ಸಲ ಒಂದೇ ಶ್ರುತಿಯಲ್ಲಿ, ಐದು ಸಲ ಕೆಳಗಿನಿಂದ ಮೇಲಕ್ಕೆ ಜಾರಿ ಮತ್ತೆ ಕೆಳಗೆ. ಒಟ್ಟು ಮೂರು-ನಾಲ್ಕು ನಿಮಿಷ ಸಾಕು. ಬಾಯಿಯೊಳಗೆ ಉಳಿಯುವ ಒತ್ತಡ ಮೇಲಿನಿಂದಲೂ ತಂತುಗಳನ್ನು ಒತ್ತಿ ಹಿಡಿಯುವುದರಿಂದ ಅವು ಒಂದಕ್ಕೊಂದು ಬಡಿದುಕೊಳ್ಳದೆ ಮೆತ್ತಗೆ ಸೇರುತ್ತವೆ, ಅದೇ ಇದರ ಗುಟ್ಟು. ತಪ್ಪುವುದು ಎರಡು ಕಡೆ. ಸ್ವರವೇ ಇಲ್ಲದೆ ಬರೀ ಗಾಳಿ ಊದುವುದು ಒಂದು. ಗಂಟಲ ಮೇಲೆ ಕೈ ಇಟ್ಟರೆ ನಡುಕ ಸಿಗಬೇಕು. ಮೂಗಿನಲ್ಲಿ ಗಾಳಿ ಸೋರುವುದು ಇನ್ನೊಂದು. ನಡುವೆ ಮೂಗು ಹಿಡಿದು ನೋಡಿ, ಸ್ವರ ಬದಲಾದರೆ ಸೋರುತ್ತಿದೆ ಎಂದು ಲೆಕ್ಕ. ನೀರು ಮುಖಕ್ಕೆ ಹಾರುತ್ತಿದ್ದರೆ ನೀವು ತೀರಾ ದೂಡುತ್ತಿದ್ದೀರಿ.

ಶ್ರುತಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಯಾರೋ ಮಾತಾಡುವಾಗ ನೀವು "ಹ್ಞೂಂ" ಎನ್ನುತ್ತೀರಲ್ಲ, ಯೋಚನೆ ಮಾಡದೆ ಬರುವ ಆ ಜಾಗವೇ ನಿಮ್ಮ ಸಹಜ ಶ್ರುತಿಯ ಹತ್ತಿರದ್ದು. ವೇದಿಕೆ ಏರಿದ ಕೂಡಲೇ ಗಂಡಸರು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿಳಿಯುತ್ತಾರೆ, ಗಾಂಭೀರ್ಯ ಬರಲಿ ಎಂದು. ಬರುವುದು ಗಾಂಭೀರ್ಯ ಅಲ್ಲ, ಸಂಜೆಗೆ ಒಡಕು ಸ್ವರ. ಕೆಳಗೆ ಇಳಿದಷ್ಟೂ ವಾಕ್ಯದ ಕೊನೆಗೆ ಇನ್ನೂ ಇಳಿಯಲು ಜಾಗವೇ ಉಳಿಯುವುದಿಲ್ಲ ನೋಡಿ.

ಗದ್ದಲದ ನಡುವೆ ಕೇಳಿಸುವುದು ಹೇಗೆ ಎಂದು ಕಲಿಯಬೇಕಾದರೆ ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ ಹತ್ತಿರ ನಿಲ್ಲಿ. "ಪಂಪ್‌ವೆಲ್, ಕಂಕನಾಡಿ, ಜ್ಯೋತಿ, ಸ್ಟೇಟ್‌ಬ್ಯಾಂಕ್" ಎಂಬ ಕೂಗು ಎಂಜಿನ್ ಸದ್ದನ್ನು ಸೀಳಿಕೊಂಡು ಬರುತ್ತದೆ. ಅವರು ಕಿರುಚುವುದಿಲ್ಲ. ಎಂಜಿನ್ನಿನ ಸದ್ದು ಬಹುಪಾಲು ಕೆಳ ಕಂಪನಗಳದ್ದು. ಕಿವಿ ಅತಿ ಚುರುಕಾಗಿರುವುದು ಸೆಕೆಂಡಿಗೆ 2000ದಿಂದ 4000 ಕಂಪನಗಳ ಆಸುಪಾಸಿಗೆ. ಆ ಚೂಪಾದ ದನಿ ಬೀಳುವುದು ಅಲ್ಲಿಗೆ. ಮಕ್ಕಳು ಅಣಕಿಸುವ "ನ್ಯಾ ನ್ಯಾ ನ್ಯಾ", ಬೆಕ್ಕಿನ "ಮ್ಯಾಂವ್" ಎರಡನ್ನೂ ಹತ್ತು ಸಲ ಹೇಳಿ, ಆ ಚೂಪನ್ನು ಮಾತಿಗೆ ಕಾಲು ಭಾಗ ಮಾತ್ರ ಬೆರೆಸಿ. ಪೂರ್ತಿ ಬೆರೆಸಿದರೆ ಸಭೆಯವರು ಟಿಕೆಟ್ ಕೇಳಿಯಾರು. ಮಳೆಗಾಲದಲ್ಲಿ ತಗಡಿನ ಶೀಟಿನ ಮೇಲೆ ಮಳೆ ಸುರಿಯುವಾಗ ಮಾತ್ರ ಈ ಉಪಾಯವೂ ಸಾಲದು. ಆ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಗಳನ್ನೂ ಮುಚ್ಚುತ್ತದೆ. ಎರಡು ನಿಮಿಷ ಸುಮ್ಮನೆ ನಿಲ್ಲುವುದೇ ಲೇಸು.

ಇನ್ನು ಅಕ್ಷರ. ಕರಾವಳಿಯ ಕನ್ನಡ ಪುಸ್ತಕದ ಕನ್ನಡ ಎಂದು ಘಟ್ಟದ ಮೇಲಿನವರು ನಗುವುದುಂಟು, ಸಿನಿಮಾದವರು ಅದನ್ನೇ ತಮಾಷೆ ಮಾಡಿದ್ದೂ ಉಂಟು. ಆ ಧಾಟಿಯನ್ನು ಬಿಡಬೇಕಾಗಿಲ್ಲ, ಅದು ದೋಷವೇ ಅಲ್ಲ. ಅರ್ಥ ಕೆಡುವ ಕಡೆ ಮಾತ್ರ ನಿಗಾ ಇರಲಿ. ತುಳುವಿನ ಕೆಲವು ಬಗೆಗಳಲ್ಲಿ ಳಕಾರ ಲಕಾರವಾಗುತ್ತದೆ. ಆ ನಾಲಿಗೆ ಕನ್ನಡಕ್ಕೆ ಬಂದಾಗ ಸಾರಿಗೆ ಹುಳಿಯ ಬದಲು ಹುಲಿ ಬೀಳುತ್ತದೆ. ಹುಲಿ–ಹುಳಿ, ಬೆಲೆ–ಬೆಳೆ, ಹಲ್ಲಿ–ಹಳ್ಳಿ ಎಂದು ಜೋಡಿ ಜೋಡಿಯಾಗಿ ಹೇಳಿ. "ಳ"ಕ್ಕೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ಒತ್ತಕ್ಷರ ಇನ್ನೂ ಮುಖ್ಯ: ಕತೆ–ಕತ್ತೆ, ಬಳಿ–ಬಳ್ಳಿ. ಅವಸರದಲ್ಲಿ ಮೊದಲು ಸೋರುವುದು ಇದೇ. "ತ್ತ"ದಲ್ಲಿ ನಾಲಿಗೆ ಅರೆಕ್ಷಣ ಹಿಡಿದು ನಿಂತು ಬಿಡಬೇಕು. "ಬರುತ್ತದೆ" ಎಂಬ ಬಾಲವೇ ಒತ್ತಕ್ಷರದ ಮೇಲೆ ನಿಂತಿದೆ, ಅದು ಸಡಿಲಾದರೆ "ಬರ್ತದೆ", ಇನ್ನೂ ಸಡಿಲಾದರೆ "ಬರ್‌ದೆ". ಮನೆಯಲ್ಲಿ ಪರವಾಗಿಲ್ಲ, ಮೈಕಿನಲ್ಲಿ ಅದು "ಬರದೆ" ಎಂದೇ ಕೇಳೀತು, ಅರ್ಥ ತಲೆಕೆಳಗು. ಮಹಾಪ್ರಾಣಕ್ಕೆ ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿಯಿರಿ. "ಪಲ" ಎಂದಾಗ ಅಷ್ಟಾಗಿ ಅಲುಗದು, "ಫಲ" ಎಂದಾಗ ಹಾರಬೇಕು. ಕೆಳತುಟಿಗೆ ಹಲ್ಲು ತಾಗಿಸಿ ಇಂಗ್ಲಿಷ್ "ಫ್ಯಾನ್"ನ ಸದ್ದು ಮಾಡಿದರೆ ಅದು ಕನ್ನಡದ ಫಕಾರ ಆಗಲಿಲ್ಲ, ಎರಡೂ ತುಟಿ ಮುಚ್ಚಿ ಬಿಡಬೇಕು.

ಭಾವ ತುಂಬುವುದಕ್ಕೆ ನಮ್ಮಲ್ಲಿ ಶಾಲೆ ಇದ್ದೇ ಇದೆ. ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿ ಕೂತಲ್ಲೇ ಮಾತಿನಿಂದಲೇ ವಾಲಿ ಆಗಬೇಕು, ಕೃಷ್ಣ ಆಗಬೇಕು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದ ಒಂದು ಕೂಟಕ್ಕೆ ಹೋಗಿ ಕಣ್ಣು ಮುಚ್ಚಿ ಕೂತುಕೊಳ್ಳಿ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯ ಧ್ವನಿಮುದ್ರಿಕೆಗಳೂ ಸಿಗುತ್ತವೆ. ಗಮನಿಸಬೇಕಾದದ್ದು ಅಬ್ಬರವನ್ನಲ್ಲ. ನಿಪುಣ ಅರ್ಥಧಾರಿ ಯಾವ ಪದದ ಮೊದಲು ನಿಲ್ಲುತ್ತಾನೆ, ಎಲ್ಲಿ ಸ್ವರ ತಗ್ಗಿಸಿಯೂ ವೇಗ ತಗ್ಗಿಸದೆ ಹೋಗುತ್ತಾನೆ, ಎದುರಾಳಿಯ ಮಾತಿಗೆ ಎಷ್ಟು ಹೊತ್ತು ಸುಮ್ಮನಿರುತ್ತಾನೆ ಎಂಬುದನ್ನು. ಆ ಮೌನ ಮನೆಗೆ ತನ್ನಿ, ಆರ್ಭಟೆ ಅಲ್ಲೇ ಇರಲಿ. ಬ್ಯಾಂಕಿನ ಮೀಟಿಂಗಿನಲ್ಲಿ ರಾವಣನ ಒಡ್ಡೋಲಗ ಯಾರಿಗೂ ಬೇಡ.

ಆರಂಭದ ವಾಕ್ಯವನ್ನೇ ಈಗ ಪೆನ್ಸಿಲ್ ಹಿಡಿದು ನೋಡೋಣ. "ಸಭಾ ಕಾರ್ಯಕ್ರಮ ಮುಗಿದ ಕೂಡಲೇ / ಎಲ್ಲರಿಗೂ ಶಾಲೆಯ ಹಿಂದಿನ ಶೆಡ್ಡಿನಲ್ಲಿ / ಊಟದ ವ್ಯವಸ್ಥೆ ಇರುತ್ತದೆ." ಗೆರೆ ಇರುವಲ್ಲಿ ನಿಲ್ಲಬೇಕು. ಎರಡನೆಯ ಗೆರೆಯಲ್ಲಿ, ಹಸಿವಿದ್ದರೂ ಇಲ್ಲದಿದ್ದರೂ, ಒಂದು ಚಿಕ್ಕ ಉಸಿರು ಕಡ್ಡಾಯ. "ವ್ಯವಸ್ಥೆ" ಮತ್ತು "ಇರುತ್ತದೆ" ನಡುವೆ ಮಾತ್ರ ಉಸಿರಾಡಬಾರದು, ಕ್ರಿಯಾಪದವನ್ನು ಅದರ ಮುಂಚಿನ ಪದದಿಂದ ಕಿತ್ತರೆ ಅದು ಅನಾಥವಾಗಿ ಬೀಳುತ್ತದೆ. ಒತ್ತು ಎಲ್ಲಿ? ಎಲ್ಲರಿಗೆ ಗೊತ್ತಿಲ್ಲದ್ದು ಜಾಗ, ಹಾಗಾಗಿ "ಹಿಂದಿನ" ಪದವನ್ನು ತುಸು ಎಳೆದು, ಶ್ರುತಿ ಸ್ವಲ್ಪ ಏರಿಸಿ. ಮುಂದಿನ ಬಾಗಿಲಲ್ಲಿ ನೂಕುನುಗ್ಗಲು ತಪ್ಪುತ್ತದೆ. "ಇರುತ್ತದೆ"ಯಲ್ಲಿ ಶ್ರುತಿ ಇಳಿಯಲಿ, ವಾಕ್ಯ ಮುಗಿಯಿತೆಂದು ಕಿವಿಗೆ ತಿಳಿಯುವುದು ಹಾಗೆಯೇ. ಇಳಿಯಬಾರದ್ದು ಗಟ್ಟಿ. ಶ್ರುತಿ ಬೇರೆ, ಗಟ್ಟಿ ಬೇರೆ. ಇವೆರಡನ್ನು ಬೇರ್ಪಡಿಸಲು ಹೆಚ್ಚಿನವರಿಗೆ ಎರಡು ವಾರ ಹಿಡಿಯುತ್ತದೆ.

ಮೈಕ್ ಬಾಯಿಂದ ನಾಲ್ಕೈದು ಬೆರಳು ದೂರ, ನೇರವಾಗಿ ಅಲ್ಲ, ಗಲ್ಲದ ಕಡೆಯಿಂದ ಓರೆಯಾಗಿ ಇರಲಿ. ಪ, ಫ, ಭಗಳ ಗಾಳಿ ಢಬ್ ಎಂದು ಬಡಿಯುವುದು ತಪ್ಪುತ್ತದೆ. ಜಾಲರಿ ಮುಷ್ಟಿಯಲ್ಲಿ ಹಿಡಿದರೆ ಕುಂಯ್ ಎಂದು ಕೂಗುತ್ತದೆ. ಕಾಗದ ನೋಡಿ ಓದುವವರು ವಾಕ್ಯದ ಕೊನೆಗೆ ತಲೆ ತಗ್ಗಿಸಿ ಮುಂದಿನ ಸಾಲು ಹುಡುಕುತ್ತಾರೆ, ಬಾಯಿ ಮೈಕಿನಿಂದ ಸರಿಯುತ್ತದೆ, ಬಾಲ ಅಲ್ಲೂ ಹೋಯಿತು. ಕಾಗದವನ್ನು ಎದೆಯ ಎತ್ತರಕ್ಕೆ ಹಿಡಿಯಿರಿ.

ಗಂಟಲಿಗೆ ಕಲ್ಲುಸಕ್ಕರೆ, ಜ್ಯೇಷ್ಠಮಧು ಹಿತ ಕೊಡುತ್ತವೆ ನಿಜ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿಗೆ ತಾಗುವುದಿಲ್ಲ. ರಕ್ತದೊತ್ತಡ ಇರುವವರು ಜ್ಯೇಷ್ಠಮಧುವನ್ನು ದಿನಾ ಜಗಿಯುವುದು ಬೇಡ, ಅದು ಒತ್ತಡ ಏರಿಸುತ್ತದೆ. ನೀರು ಕೂಡ ವೇದಿಕೆಯ ಮೇಲೆ ಗುಟುಕರಿಸಿದರೆ ಬಾಯಿಗಷ್ಟೇ ಲಾಭ, ಒಂದೆರಡು ಗಂಟೆ ಮೊದಲಿನಿಂದಲೇ ಕುಡಿಯುತ್ತಿರಿ. ಹೊರಗೆ ಎಷ್ಟೇ ಸೆಖೆ, ತೇವ ಇದ್ದರೂ ಎ.ಸಿ. ಹಾಲ್ ಗಂಟಲು ಒಣಗಿಸುತ್ತದೆ. ಮಾತಿಗೆ ಮೊದಲು "ಖ್ಖ್" ಎಂದು ಗಂಟಲು ಕೆರೆದುಕೊಳ್ಳುವ ಚಾಳಿ ಬಿಡಿ, ತಂತುಗಳು ಒಂದಕ್ಕೊಂದು ಉಜ್ಜಿ ಇನ್ನಷ್ಟು ಕಫ ಕಟ್ಟುತ್ತದೆ. ಒಂದು ಸಲ ಎಂಜಲು ನುಂಗಿದರೆ ಕೆಲಸ ಆಯಿತು. ಸ್ವರ ಕೂತಾಗ ಪಿಸುಗುಟ್ಟುವುದೂ ವಿಶ್ರಾಂತಿ ಅಲ್ಲ. ಮೂರು ವಾರ ಕಳೆದರೂ ಒಡಕು ಹೋಗದಿದ್ದರೆ ಕಷಾಯ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ದಿನಕ್ಕೆ 15 ನಿಮಿಷದಂತೆ ಒಂದು ತಿಂಗಳಾದ ಮೇಲೆ ಪರೀಕ್ಷೆ ಹೀಗೆ ಮಾಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು ಇದ್ದೇ ಇದೆ, ನಮ್ಮ ಸ್ವರ ನಮಗೇ ಪರಕೀಯ ಅನಿಸುವುದು ತಲೆಬುರುಡೆಯ ಮೂಲಕ ಬರುವ ಕಂಪನ ಅದರಲ್ಲಿ ಇಲ್ಲದ ಕಾರಣ, ಅದಕ್ಕೆ ಬೇಸರ ಬೇಡ. ಆದರೆ ಫೋನ್ ಹತ್ತಿರ ಇರುತ್ತದೆ, ಬಾಲವನ್ನೂ ಹಿಡಿಯುತ್ತದೆ. ಹಾಗಾಗಿ ಹತ್ತು ವಾಕ್ಯ ಬರೆದುಕೊಳ್ಳಿ, ಐದು "ಉಂಟು", ಐದು "ಇಲ್ಲ", ಕಲಸಿ ಇಡಿ. ಮನೆಯವರೊಬ್ಬರನ್ನು ಅಂಗಳದ ಆಚೆ ತುದಿಯಲ್ಲಿ, ನಿಮಗೆ ಬೆನ್ನು ಹಾಕಿ, ಕಾಗದ-ಪೆನ್ನು ಕೊಟ್ಟು ನಿಲ್ಲಿಸಿ. ಅವರು ಬರೆಯಬೇಕಾದದ್ದು ಉಂಟೋ ಇಲ್ಲವೋ ಎಂಬುದನ್ನು ಮಾತ್ರ. ಹತ್ತಕ್ಕೆ ಹತ್ತೂ ಸರಿ ಬರುವವರೆಗೆ ಗಟ್ಟಿ ಮಾಡಬೇಡಿ, ಉಸಿರಿನ ಗೆರೆಯನ್ನು ಒಂದು ಪದ ಹಿಂದಕ್ಕೋ ಮುಂದಕ್ಕೋ ಸರಿಸಿ ನೋಡಿ.