ಬಣ್ಣಕ್ಕೆ ಒಂದು ದಿನ, ಕತ್ತರಿಗೆ ಇನ್ನೊಂದು ದಿನ

ಚಿಕ್ಕ ಮಕ್ಕಳ ಜೊತೆ ಬಣ್ಣ ಹಿಡಿದು ಕೂತರೆ ಮನೆ ಗಲೀಜಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಗಲೀಜನ್ನು ಒರೆಸಿದರೆ ಮುಗಿಯಿತು. ನಿಜವಾದ ತಲೆನೋವು ಒಣಗುವ ಸಮಯ. ಹಾಳೆ ಇನ್ನೂ ಒದ್ದೆ ಇರುವಾಗಲೇ ಮಗುವಿಗೆ ಅದರ ಮೇಲೆ ಗುಂಡಿ ಅಂಟಿಸಬೇಕು, ಕಣ್ಣು ಬರೆಯಬೇಕು, ದಾರ ಎಳೆಯಬೇಕು. ನಾವು "ತಡಿ, ಒಣಗಲಿ" ಅನ್ನುತ್ತೇವೆ. ಅಷ್ಟರಲ್ಲಿ ಹಾಳೆ ಹರಿದಿರುತ್ತದೆ, ಇಲ್ಲವೇ ಮಗು ಎದ್ದು ಹೋಗಿರುತ್ತದೆ.

ಅದಕ್ಕೇ ನಮ್ಮನೆಯಲ್ಲಿ ಬಣ್ಣ ಬಳಿಯುವ ದಿನ ಬೇರೆ, ಕತ್ತರಿಸಿ ಅಂಟಿಸುವ ದಿನ ಬೇರೆ. ಬಣ್ಣದ ದಿನ ಯಾರೂ ಚಿತ್ರ ಬರೆಯುವುದಿಲ್ಲ. ಸುಮ್ನೆ ಹಾಳೆಗಳಿಗೆ ಬಣ್ಣ ಹಚ್ಚಿ ಒಣಗಲು ಹಾಕುತ್ತೇವೆ, ಅಷ್ಟೇ. ಮನೆ, ಮರ, ಸೂರ್ಯ ಏನೂ ಬೇಡ. ಐದು ವರ್ಷದ ಮಗಳಿಗೆ ಇದರಿಂದ ಒಂದು ದೊಡ್ಡ ಭಾರ ಇಳಿದ ಹಾಗಾಯಿತು. "ನಂಗೆ ಕುದುರೆ ಬರೆಯೋಕೆ ಬರಲ್ಲ" ಅಂತ ಬ್ರಷ್ ಕೆಳಗಿಡುತ್ತಿದ್ದವಳು ಈಗ ತೋಳು ಪೂರ್ತಿ ಬೀಸಿ ಬಳಿಯುತ್ತಾಳೆ. ಮೂರು ವರ್ಷದ ಮಗನಿಗೆ ಮೊದಲಿಂದಲೂ ಅಂಥ ಚಿಂತೆ ಇರಲಿಲ್ಲ ಬಿಡಿ.

ಇದೇನೂ ನನ್ನ ತಲೆಯಿಂದ ಬಂದ ಉಪಾಯವಲ್ಲ. ಫ್ರಾನ್ಸಿನ ಚಿತ್ರಕಾರ ಆನ್ರಿ ಮತೀಸ್‌ಗೆ 1941ರಲ್ಲಿ ದೊಡ್ಡ ಆಪರೇಷನ್ ಆಯಿತು. ಆಮೇಲೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡುವುದು ಕಷ್ಟವಾಯಿತು. ಸಹಾಯಕರು ಬಿಳಿ ಹಾಳೆಗಳಿಗೆ ಗೌಶ್ ಅನ್ನುವ, ನೀರಲ್ಲಿ ಕಲಸುವ ದಟ್ಟ ಬಣ್ಣ ಬಳಿದು ಕೊಡುತ್ತಿದ್ದರು. ಮತೀಸ್ ಕೂತಲ್ಲೇ ಕತ್ತರಿಯಿಂದ ಅದರಲ್ಲಿ ಆಕಾರ ಬಿಡಿಸುತ್ತಿದ್ದರು. 1953ರಲ್ಲಿ ಮಾಡಿದ ಬಸವನಹುಳುವಿನ ಚಿತ್ರದಲ್ಲಿ ಇರುವುದು ಒರಟಾಗಿ ಕತ್ತರಿಸಿದ, ಹರಿದ ಬಣ್ಣದ ತುಂಡುಗಳು ಮಾತ್ರ. ಅವು ಸುರುಳಿಯಾಗಿ ಸುತ್ತುತ್ತವೆ. ಮಕ್ಕಳಿಗೆ ಈ ಚಿತ್ರ ತೋರಿಸಿ "ಹುಳು ಎಲ್ಲಿದೆ?" ಅಂತ ಕೇಳಿ ನೋಡಿ, ಮಜಾ ಇರುತ್ತದೆ.

ಈಗ ಹಾಳೆಯ ವಿಷಯ. ಪ್ರಿಂಟರ್‌ಗೆ ಹಾಕುವ 75-80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಹಾಳೆ ನೀರು ತಾಗಿದ ಕೂಡಲೇ ಮುದುಡುತ್ತದೆ, ಮಗು ಎರಡು ಸಲ ಉಜ್ಜಿದರೆ ತೂತು ಬೀಳುತ್ತದೆ. 150ಕ್ಕಿಂತ ಹೆಚ್ಚಿನ ಜಿಎಸ್‌ಎಂ ಇರುವ ಡ್ರಾಯಿಂಗ್ ಹಾಳೆ ತೆಗೆದುಕೊಳ್ಳಿ. ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಹಾಳೆ ಮಾತ್ರ ತೆಳ್ಳಗಿರಬಾರದು. ಅಕ್ರಿಲಿಕ್ ಬಣ್ಣ ಈ ವಯಸ್ಸಿಗೆ ಬೇಡವೇ ಬೇಡ. ಒಣಗಿದರೆ ಬಟ್ಟೆಯಿಂದ ಹೋಗುವುದಿಲ್ಲ. ನೀರಲ್ಲಿ ತೊಳೆದರೆ ಹೋಗುವ ಮಕ್ಕಳ ಬಣ್ಣ ಸಾಕು.

ಹನ್ನೆರಡು ಬಣ್ಣದ ಪೆಟ್ಟಿಗೆಯನ್ನು ಪೂರ್ತಿ ತೆರೆದು ಮುಂದಿಟ್ಟರೆ ಎಲ್ಲವೂ ಸೇರಿ ಕೊನೆಗೆ ಕೆಸರಿನ ಕಂದು ಬಣ್ಣ ಬರುತ್ತದೆ. ಕೆಂಪು, ಹಳದಿ, ನೀಲಿ ಮೂರೂ ಕೂಡಿದರೆ ಬೇರೆ ಏನೂ ಆಗಲು ಸಾಧ್ಯವಿಲ್ಲ. ಆದ್ದರಿಂದ ನಾನು ಒಮ್ಮೆಗೆ ಎರಡೇ ಬಣ್ಣ ಕೊಡುತ್ತೇನೆ. ಹಳದಿ-ನೀಲಿ ಒಂದು ದಿನ, ಹಳದಿ-ಕೆಂಪು ಇನ್ನೊಂದು ದಿನ. ಹಳದಿ ಜಾಸ್ತಿ, ನೀಲಿ ಒಂದು ಚಿಟಿಕೆ. ನೀಲಿಗೆ ಜೋರು ಜಾಸ್ತಿ, ಬೇಗ ಹಳದಿಯನ್ನು ನುಂಗಿಬಿಡುತ್ತದೆ. ಹಸಿರು ಬರುತ್ತದೆ ಅಂತ ಮೊದಲೇ ಹೇಳಬೇಡಿ. ಅದು ಬಂದಾಗ ಅವರು ಹಾಕುವ ಕೂಗು ನಿಮಗೂ ಬೇಕು, ಅಲ್ವಾ?

ಮೇಣದ ಆಟ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುತ್ತದೆ. ಬಿಳಿ ಹಾಳೆ ಮೇಲೆ ಬಿಳಿ ಕ್ರೇಯಾನಿನಿಂದ ಗೀಚಿ, ಮೇಲೆ ನೀರು ಬೆರೆಸಿದ ಬಣ್ಣ ಹರಿಸಿದರೆ ಗೀಚಿದ ಜಾಗವೆಲ್ಲ ಬೆಳ್ಳಗೆ ಉಳಿಯುತ್ತದೆ. ಮೇಣ ನೀರನ್ನು ಸೇರಿಸುವುದಿಲ್ಲ. ಆದರೆ ಕ್ರೇಯಾನನ್ನು ಒತ್ತಿ ಗೀಚಬೇಕು. ಪುಟ್ಟ ಕೈಗಳಿಗೆ ಅಷ್ಟು ಬಲ ಇರುವುದಿಲ್ಲ. ಮಗನಿಗೆ ಆಯಿಲ್ ಪೇಸ್ಟೆಲ್ ಕೊಡುತ್ತೇನೆ, ಅದು ಮೆತ್ತಗಿದೆ. ಬಣ್ಣ ಮಾತ್ರ ತೆಳ್ಳಗಿರಬೇಕು. ಪೋಸ್ಟರ್ ಕಲರನ್ನು ಹಾಗೇ ಗಟ್ಟಿಯಾಗಿ ಬಳಿದರೆ ಮೇಣದ ಮೇಲೂ ಕೂತು ಎಲ್ಲ ಮುಚ್ಚಿಹೋಗುತ್ತದೆ.

ಉಪ್ಪಿನದ್ದೂ ಹಾಗೆಯೇ. ವಾಟರ್ ಕಲರ್ ಬಳಿದ ಹಾಳೆ ಇನ್ನೂ ಹೊಳೆಯುತ್ತಿರುವಾಗ, ಆದರೆ ನೀರು ನಿಂತಿಲ್ಲದಿರುವಾಗ, ನಾಲ್ಕು ಹರಳು ಉದುರಿಸಿ. ಪ್ರತಿ ಹರಳೂ ತನ್ನ ಸುತ್ತಲಿನ ನೀರನ್ನೂ ಬಣ್ಣವನ್ನೂ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಉಪ್ಪು ಝಾಡಿಸಿದರೆ ಅಲ್ಲೆಲ್ಲ ನಕ್ಷತ್ರದಂಥ ಗುರುತು. ಗೀರಿದ ಬೆರಳಿಗೆ ಉಪ್ಪು ಉರಿಯುತ್ತದೆ, ಕಣ್ಣಿಗೂ ಹೋಗಬಾರದು, ಅದೊಂದು ನೋಡಿಕೊಳ್ಳಿ. ಇನ್ನು ಸ್ಪಾಂಜ್, ಗುಳ್ಳೆ ಪ್ಲಾಸ್ಟಿಕ್, ಹಳೆ ಬಾಚಣಿಗೆ, ರಟ್ಟಿನ ಅಂಚು, ಇವುಗಳಿಂದ ಅಚ್ಚು ಒತ್ತುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳೇ ಕಂಡುಹಿಡಿಯುತ್ತಾರೆ.

ಎರಡನೇ ದಿನಕ್ಕೆ ನಮ್ಮ ಹತ್ತಿರ ಒಣಗಿದ ಹಾಳೆಗಳ ಒಂದು ಕಟ್ಟು ಇರುತ್ತದೆ. ಅದನ್ನು ನೆಲದ ಮೇಲೆ ಹರಡುತ್ತೇವೆ. ಇಲ್ಲಿಂದ ಚಿತ್ರ ಶುರು. ಮಗಳು ಉಪ್ಪು ಹಾಕಿದ ಹಾಳೆ ಎತ್ತಿ "ಇದು ಆಮೆ ಬೆನ್ನು" ಅಂದಳು. ಆಮೆಯನ್ನು ಬರೆಯಲು ಕೂತಿದ್ದರೆ ಆ ಬೆನ್ನು ಅವಳ ಕೈಗೆ ಬರುತ್ತಲೇ ಇರಲಿಲ್ಲ.

ಮಗ ಹರಿಯುತ್ತಾನೆ, ಮಗಳು ಕತ್ತರಿಸುತ್ತಾಳೆ. ಹರಿಯುವುದೂ ಕೆಲಸವೇ. ಎರಡೂ ಕೈಯ ಬೆರಳುಗಳು ಒಟ್ಟಿಗೆ ದುಡಿಯಬೇಕು. ಹಾಳೆಗೂ ಒಂದು ಎಳೆ ಇರುತ್ತದೆ, ಗೊತ್ತಾ? ಒಂದು ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಅಡ್ಡ ಎಳೆದರೆ ಸೊಟ್ಟಪಟ್ಟ. ಸೊಟ್ಟಗಿದ್ದದ್ದು ಬೆಟ್ಟವಾಗುತ್ತದೆ, ನೆಟ್ಟಗಿದ್ದದ್ದು ರಸ್ತೆ. ಕತ್ತರಿ ಹಿಡಿದವರಿಗೆ ನಾನು ಹೇಳುವುದು ಇಷ್ಟೇ: ಕತ್ತರಿ ತಿರುಗಿಸಬೇಡ, ಹಾಳೆ ತಿರುಗಿಸು. ಎಡಗೈ ಮಕ್ಕಳಿಗೆ ಎಡಗೈ ಕತ್ತರಿಯೇ ಬೇಕು. ಸಾಮಾನ್ಯ ಕತ್ತರಿಯಲ್ಲಿ ಮೇಲಿನ ಅಲಗು ಗೆರೆಯನ್ನು ಮರೆಮಾಡುತ್ತದೆ. ಮಗುವಿಗೆ ಕತ್ತರಿಸಲು ಬರುವುದಿಲ್ಲ ಅಂದುಕೊಳ್ಳುವ ಮೊದಲು ಕತ್ತರಿಯನ್ನು ನೋಡಿ.

ಗೋಂದನ್ನು ತುಂಡಿಗೆ ಹಚ್ಚುವುದಕ್ಕಿಂತ ತಳದ ಹಾಳೆಗೆ ಬ್ರಷ್‌ನಿಂದ ಬಳಿಯುವುದು ಸುಲಭ. ಬಿಳಿ ಗೋಂದು ಒಣಗಿದರೆ ಕಾಣುವುದಿಲ್ಲ, ಹಾಗಾಗಿ ಆಚೀಚೆ ಹರಡಿದರೂ ಚಿಂತೆಯಿಲ್ಲ. ಗುಂಡಿ, ಕಡ್ಡಿಯಂಥ ಭಾರದ್ದಕ್ಕೆ ಹಾಳೆ ಸಾಲದು, ರಟ್ಟು ಬೇಕು. ಮೂರು ವರ್ಷದೊಳಗಿನ ಮಕ್ಕಳು ಇದ್ದರೆ ಗುಂಡಿ, ಮಣಿ ಹೊರಗೆ ತೆಗೆಯಲೇಬೇಡಿ. ಅವು ಸೀದಾ ಬಾಯಿಗೆ ಹೋಗುತ್ತವೆ.

ಆ ಅಲುಗಾಡುವ ಪ್ಲಾಸ್ಟಿಕ್ ಕಣ್ಣುಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಯಾವುದಕ್ಕೆ ಅಂಟಿಸಿದರೂ "ಆಯ್ತು, ಮುಗೀತು" ಅನ್ನಿಸಿಬಿಡುತ್ತದೆ. ಮಗು ಮುಂದೆ ಯೋಚಿಸುವುದೇ ಇಲ್ಲ. ಪೊಟ್ಟಣವನ್ನು ಮೇಲಿನ ಕಪಾಟಿನಲ್ಲಿ ಬಚ್ಚಿಟ್ಟಿದ್ದೇನೆ. ಮೊದಲೇ ಕತ್ತರಿಸಿ ಕೊಡುವ ರೆಡಿಮೇಡ್ ಚಿಟ್ಟೆಗಳ ಬಗ್ಗೆಯೂ ನನ್ನ ಅಭಿಪ್ರಾಯ ಅದೇ.

ಕಣ್ಣು, ಮೀಸೆ, ಬಾಲ ಕೊನೆಗೆ ಬರುತ್ತವೆ. ಒಣಗಿದ ಪೋಸ್ಟರ್ ಕಲರ್ ಮೇಲೆ ಆಯಿಲ್ ಪೇಸ್ಟೆಲ್ ಚೆನ್ನಾಗಿ ಕೂರುತ್ತದೆ. ಮೇಣದ ಮೇಲೆ ಸ್ಕೆಚ್ ಪೆನ್ ಓಡಿಸಿದರೆ ಅದರ ಮೊನೆ ಕಟ್ಟಿಕೊಳ್ಳುತ್ತದೆ. ಮಗ ಮಾಡುವ ಮನುಷ್ಯರಿಗೆ ಹೊಟ್ಟೆ ಇಲ್ಲ, ತಲೆಯಿಂದಲೇ ಕಾಲು ಇಳಿಯುತ್ತದೆ. ಮೂರು-ನಾಲ್ಕು ವರ್ಷದ ಮಕ್ಕಳು ಹೆಚ್ಚಾಗಿ ಹಾಗೇ ಮಾಡುತ್ತಾರೆ. ಅಕ್ಕ ತಿದ್ದಲು ಹೋಗುತ್ತಾಳೆ, ನಾನು ತಡೆಯುತ್ತೇನೆ.

ಇನ್ನೊಂದು ಮಾತು. ಹೆಸರು, ತಾರೀಖನ್ನು ಬಣ್ಣ ಹಚ್ಚುವ ಮೊದಲೇ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಕತ್ತರಿಸುವ ಹಾಳೆಗಳಿಗೆ ಬೇಡ, ತಳದ ಹಾಳೆಗೆ ಸಾಕು. ದಪ್ಪ ಬಣ್ಣ ಇರುವುದನ್ನು ಸುತ್ತಿಡಬೇಡಿ, ಬಿರುಕು ಬಿಡುತ್ತದೆ. ಉಳಿದ ಚೂರುಗಳನ್ನು ಎಸೆಯದೆ ಒಂದು ಡಬ್ಬಿಗೆ ಹಾಕಿಡಿ. ಹೊಸದಾಗಿ ಬಣ್ಣ ಬಳಿಯಲು ಪುರುಸೊತ್ತು ಇಲ್ಲದ ದಿನ ಆ ಡಬ್ಬಿಯನ್ನೇ ಮುಂದಿಟ್ಟರೆ ಆಯಿತು.