ಒಂದೇ ಫ್ರೇಮಲ್ಲಿ ಮೂರು ಜಾತಿ ನೀಹಾರಿಕೆ: ತೋಟದಿಂದ ಪ್ರಾಜೆಕ್ಟ್ ಅಪ್‌ಡೇಟ್

ಈ ಸೀಸನ್ನಿನ ಗುರಿ ಇಷ್ಟೇ. ನೀಹಾರಿಕೆಗಳ, ಅಂದರೆ ಆಕಾಶದಲ್ಲಿನ ಅನಿಲ-ದೂಳಿನ ಮೋಡಗಳ, ಒಂದೊಂದು ಜಾತಿಯದ್ದೂ ಒಂದಾದರೂ ಒಳ್ಳೆ ಫೋಟೋ ತೆಗೆಯಬೇಕು. ಜಾಗ ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ತೋಟ. ಸಾಮಾನು ಅಂದರೆ 80 ಮಿ.ಮೀ. ರಿಫ್ರಾಕ್ಟರ್ (ಲೆನ್ಸಿನ ದೂರದರ್ಶಕ), ಆಕಾಶದ ಜೊತೆ ತಾನೂ ತಿರುಗುವ ಸಣ್ಣ ಟ್ರ್ಯಾಕಿಂಗ್ ಮೌಂಟ್, ಒಳಗಿನ ಫಿಲ್ಟರ್ ತೆಗೆಸಿದ ಹಳೇ ಡಿಎಸ್‌ಎಲ್‌ಆರ್. ಆ ಫಿಲ್ಟರ್ ಇದ್ದರೆ ಹೈಡ್ರೋಜನ್ನಿನ 656 ನ್ಯಾನೋಮೀಟರ್ ಕೆಂಪು ಬೆಳಕಿನ ಬಹುಪಾಲು ಸೆನ್ಸರ್‌ಗೆ ತಲುಪುವುದೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಕಾಶದ ಆಸೆ ಬಿಡಬೇಕು. ಆಮೇಲೂ ಮಂಜು ಇದ್ದೇ ಇದೆ. ಸಿಗುವ ರಾತ್ರಿಗಳಲ್ಲಿ ಅರ್ಧ ಬೆಳದಿಂಗಳು. ಹಾಗಾಗಿ ಯಾವ ರಾತ್ರಿ ಯಾವ ಜಾತಿಗೆ ಅಂತ ಮೊದಲೇ ಹಂಚಿಟ್ಟುಕೊಂಡಿದ್ದೇನೆ. ಗುರಿ ಆರಿಸುವುದಕ್ಕಿಂತ ಈ ಹಂಚಿಕೆಯೇ ಮುಖ್ಯ ಅಂತ ಈಗ ಖಾತ್ರಿಯಾಗಿದೆ.

ಹುತ್ತರಿ ಹೊತ್ತಿಗೆ

ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುವುದೇ ರೋಹಿಣಿ ನಕ್ಷತ್ರದಲ್ಲಿ, ಹುಣ್ಣಿಮೆಯ ಆಸುಪಾಸಿಗೆ. ಅಂದರೆ ಚಂದ್ರ ವೃಷಭದಲ್ಲೇ ಕೂತಿರುತ್ತಾನೆ, ಪಕ್ಕದಲ್ಲೇ ಕೃತ್ತಿಕೆ, ಆಚೆಗೆ ಮಹಾವ್ಯಾಧ (ಓರಿಯನ್). ಫೋಟೋಗೆ ಇದಕ್ಕಿಂತ ಕೆಟ್ಟ ರಾತ್ರಿ ಇಲ್ಲ ಅನ್ನಿಸುತ್ತೆ, ಅಲ್ವಾ? ಕದಿರು ತೆಗೆದು ಬಂದು ಊಟ ಮುಗಿಸಿ ಮೌಂಟ್ ಹೊರಗಿಟ್ಟಾಗ ಅಪ್ಪ ಕೇಳಿಯೇಬಿಟ್ಟರು, "ಈ ಬೆಳಕಲ್ಲಿ ಏನು ಕಾಣುತ್ತೋ ನಿನಗೆ?"

ಹೊರಸೂಸು ನೀಹಾರಿಕೆ ಕಾಣುತ್ತದೆ. ಅಲ್ಲಿ ಅನಿಲ ತಾನೇ ಹೊಳೆಯುತ್ತದೆ, ಅದೂ ಕೆಲವೇ ಬಣ್ಣಗಳಲ್ಲಿ. ಹೈಡ್ರೋಜನ್ನಿನ ಕೆಂಪು, ಆಕ್ಸಿಜನ್ನಿನ ಹಸಿರು-ನೀಲಿ ಎರಡನ್ನೇ ಬಿಡುವ ಡ್ಯುಯಲ್‌ಬ್ಯಾಂಡ್ ಫಿಲ್ಟರ್ ಹಾಕಿದರೆ ಚಂದ್ರನ ಬೆಳಕು ಹೆಚ್ಚುಕಮ್ಮಿ ಹೊರಗೇ ಉಳಿಯುತ್ತದೆ. ರೋಸೆಟ್ ನೀಹಾರಿಕೆ ಹೀಗೇ ಬಂತು. ಸುಮಾರು 5,000 ಜ್ಯೋತಿರ್ವರ್ಷ ದೂರ ಇದ್ದರೂ ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಎರಡು ಪಟ್ಟಿಗಿಂತ ಅಗಲ. ಫ್ರೇಮ್ ತುಂಬಿಕೊಂಡಿತು.

ಪೋಲಾರ್ ಅಲೈನ್‌ಮೆಂಟ್, ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು, ಮಾತ್ರ ಪ್ರತಿ ಸಲ ತಲೆನೋವು. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 12 ಡಿಗ್ರಿ ಮೇಲೆ. ಸಿಲ್ವರ್ ಓಕ್ ಸಾಲಿನ ಹಿಂದೆ ಸುಮ್ನೆ ಹುಡುಕಿ ಪ್ರಯೋಜನ ಇಲ್ಲ. ದಕ್ಷಿಣದ ಒಂದು ನಕ್ಷತ್ರ ಎಷ್ಟು ಜಾರುತ್ತದೆ ಅಂತ ನೋಡಿ ಡ್ರಿಫ್ಟ್ ಮೆಥಡ್‌ನಲ್ಲಿ ಸರಿಮಾಡುತ್ತೇನೆ.

ಜನವರಿ

ಕಣದ ತುಂಬ ಕಾಫಿ ಹರವಿದ್ದಾರೆ. ಟ್ರೈಪಾಡ್ ಕೆರೆ ಏರಿಗೆ ಹೋಯಿತು. ಅಲ್ಲಿ ಇಬ್ಬನಿ ಜಾಸ್ತಿ, ಡ್ಯೂ ಹೀಟರ್ ಪಟ್ಟಿ ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಲೆನ್ಸ್ ಕುರುಡು.

ನನಗೆ ತುಂಬಾ ಇಷ್ಟದ ಫ್ರೇಮ್ ಇದು: ಮಹಾವ್ಯಾಧನ ನಡುಪಟ್ಟಿಯ ಪೂರ್ವದ ತುದಿ, ಅಲ್ನಿಟಾಕ್ ಸುತ್ತಮುತ್ತ. ನಕ್ಷತ್ರದ ಒಂದು ಬದಿಗೆ ಫ್ಲೇಮ್ ನೀಹಾರಿಕೆ. ಇದು ಹೊರಸೂಸು ಜಾತಿ. ಸ್ವಲ್ಪ ದಕ್ಷಿಣಕ್ಕೆ ಕುದುರೆತಲೆ. ಇದು ಕಪ್ಪು ನೀಹಾರಿಕೆ, ಸ್ವಂತ ಬೆಳಕಿಲ್ಲದ ದೂಳು. 1888ರಲ್ಲಿ ಹಾರ್ವರ್ಡ್‌ನ ಫೋಟೋ ಪ್ಲೇಟಿನಲ್ಲಿ ಇದನ್ನು ಮೊದಲು ಗುರುತಿಸಿದವರು ವಿಲಿಯಮಿನಾ ಫ್ಲೆಮಿಂಗ್. ಹಿಂದಿನ ಐಸಿ 434ರ ಕೆಂಪು ಪರದೆ ಇರುವುದರಿಂದಲೇ ಆ ತಲೆ ನಮಗೆ ಕಾಣುವುದು. ಇವೆರಡರ ನಡುವೆ ಪುಟ್ಟದಾಗಿ ಎನ್‌ಜಿಸಿ 2023. ಇದು ಪ್ರತಿಫಲನ ನೀಹಾರಿಕೆ. ಒಳಗಿನ ನಕ್ಷತ್ರಕ್ಕೆ ಸುತ್ತಲಿನ ಹೈಡ್ರೋಜನ್ನನ್ನು ಕೆಂಪಾಗಿ ಹೊಳೆಸುವಷ್ಟು ಬಿಸಿ ಇಲ್ಲ. ಅದರ ಬೆಳಕು ದೂಳಿಗೆ ಬಡಿದು ಚದುರುತ್ತದೆ, ನೀಲಿ ಹೆಚ್ಚು ಚದುರುತ್ತದೆ.

ಫಿಲ್ಟರ್ ಹಾಕಿ 180 ಸೆಕೆಂಡಿನ ಫ್ರೇಮುಗಳನ್ನು ಸಿರಿಲ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಕ್ ಮಾಡಿದೆ, ಅಂದರೆ ಒಂದರ ಮೇಲೊಂದು ಸೇರಿಸಿದೆ. ಕುದುರೆಯ ಮೂತಿ, ಕತ್ತು ಎಲ್ಲ ಗೆರೆ ಎಳೆದ ಹಾಗೆ. ಎನ್‌ಜಿಸಿ 2023 ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದಂಥ ಬೂದು ಮಚ್ಚೆ. ನೀಲಿಯನ್ನೆಲ್ಲ ಫಿಲ್ಟರ್ ತಿಂದುಹಾಕಿತ್ತು. ಅಮಾವಾಸ್ಯೆ ಹತ್ತಿರ ಫಿಲ್ಟರ್ ಬಿಚ್ಚಿ 60 ಸೆಕೆಂಡಿಗೆ ಇಳಿಸಿದೆ. ನೀಲಿ ಬಂತು, ಕುದುರೆ ಮಂಕಾಯಿತು. ಈಗ ಎರಡನ್ನೂ ಬೆರೆಸುತ್ತಿದ್ದೇನೆ. ಕೆಂಪು ಬಣ್ಣ ಫಿಲ್ಟರ್ ಹಾಕಿ ತೆಗೆದದ್ದು, ಉಳಿದದ್ದು ಕತ್ತಲೆ ರಾತ್ರಿಯದ್ದು. ಇದು ಮೋಸ ಅಂತ ಕೆಲವರು ಹೇಳುತ್ತಾರೆ. ಎರಡೂ ಅಲ್ಲೇ ಇರುವ ಬೆಳಕು, ನನಗಂತೂ ತಕರಾರಿಲ್ಲ.

ಅದೇ ವಾರ ಕೃತ್ತಿಕೆಯೂ ಆಯಿತು. ಅದರ ನೀಲಿ ಮುಸುಕು ನಕ್ಷತ್ರಗಳದ್ದೇ ಬೆಳಕು ಅಂತ 1912ರಲ್ಲಿ ಖಗೋಳಜ್ಞ ವೆಸ್ಟೊ ಸ್ಲೈಫರ್ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ (ರೋಹಿತ ತೆಗೆದು) ತೋರಿಸಿದ್ದರು. ಇದಕ್ಕೆ ಫಿಲ್ಟರ್ ಬೇಡವೇ ಬೇಡ. ಕತ್ತಲೆ ಒಂದೇ ಸಾಕು.

ಉಳಿದ ಎರಡು ಜಾತಿ

ಗ್ರಹ ನೀಹಾರಿಕೆ ಬಾಕಿ. ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ, ಸಾಯುವ ನಕ್ಷತ್ರ ಕಳಚಿದ ಹೊರಪದರ ಅಷ್ಟೆ. ಡಂಬೆಲ್ ಬೇಕಿತ್ತು, ಅದು ಚೆನ್ನಾಗಿ ಮೇಲೇರುವ ತಿಂಗಳೆಲ್ಲ ಇಲ್ಲಿ ಮಳೆ. ಅಕ್ಟೋಬರ್ ಸಂಜೆಗೆ ಕಾಯಬೇಕು. ಇನ್ನೊಂದು ಸೂಪರ್‌ನೋವಾ ಅವಶೇಷ, ಸಿಡಿದ ನಕ್ಷತ್ರದ ಚೂರುಪಾರು. ಅದಕ್ಕೆ ಕ್ರ್ಯಾಬ್ ಪ್ರಯತ್ನಿಸಿದೆ. 1054ರಲ್ಲಿ ಚೀನೀಯರು ದಾಖಲಿಸಿದ ಸ್ಫೋಟದ್ದು. ಕತೆ ದೊಡ್ಡದು, ನನ್ನ ಫ್ರೇಮಲ್ಲಿ ಸಣ್ಣ ಮೊಟ್ಟೆ. 80 ಮಿ.ಮೀ.ಗೆ ಇದನ್ನು ಶಿಫಾರಸು ಮಾಡಲ್ಲ.

ಮುಂದಿನದು ಕರೀನಾ ನೀಹಾರಿಕೆ. ಅದೂ ಹೊರಸೂಸು ಜಾತಿಯೇ, ಆದರೂ ಬಿಡಲು ಮನಸ್ಸಿಲ್ಲ. ದೆಹಲಿಯವರಿಗೆ ಅದು ದಿಗಂತ ಬಿಟ್ಟು ಮೇಲೇಳುವುದೇ ಕಷ್ಟ, ನಮಗೆ ದಕ್ಷಿಣದಲ್ಲಿ 18 ಡಿಗ್ರಿ ಎತ್ತರ ಸಿಗುತ್ತದೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಗಾಳಿ ತೊಳೆದ ಮೇಲೆ, ಗುಡ್ಡದ ನೆತ್ತಿಯಿಂದ. ಆನೆ ಓಡಾಟ ಇರುವುದರಿಂದ ಜೀಪ್ ಪಕ್ಕದಲ್ಲೇ ಇಟ್ಟುಕೊಂಡು.